ಕಕ್ಕಡದ ಸೇಲು

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಎದುರು
ಮದುವೆಯಿಲ್ಲದ ತಿಂಗಳಿಗೆಂದೇ ಒಂದು ಹಬ್ಬ ಹುಟ್ಟಿಸಿದ್ದಾರೆ.
ಆಷಾಢದ್ದು, ಕಕ್ಕಡದ ಕೊನೆವರೆಗೂ ಎಳೆಯುತ್ತಾರಂತೆ.
ಎರಡು ಕೊಂಡರೆ ಮೂರನೆಯದು ಉಚಿತ ಎಂದು
ಕೆಂಪು ಬಟ್ಟೆಯ ಮೇಲೆ ಬಿಳಿ ಅಕ್ಷರ.
ಗಾಳಿಮಳೆಗೆ ಬಟ್ಟೆ ಮಡಚಿ
ಮೂರು ಹೋಗಿ ಎರಡರ ಹಿಂದೆ ಅವಿತಿದೆ.

ಕೊಡೆ ಬಾಗಿಲಲ್ಲೇ ಬಿಡಬೇಕು. ಡ್ರಮ್ಮಿನಲ್ಲಿ ನಲವತ್ತು ಕೊಡೆ,
ಒಂದರ ನೀರು ಇನ್ನೊಂದರ ಮೈಗೆ.
ನನಗೆ ಬೇಕಿದ್ದದ್ದು ಒಂದು ಟವೆಲ್.
ಕೈಗೆ ಬಂದದ್ದು ನೇರಳೆ ಕುರ್ತಾ, ನೂರ ತೊಂಬತ್ತೊಂಬತ್ತು.

ಕಳೆಯುವುದೇ ನನ್ನ ಕಸುಬು. ಸೊಸೈಟಿಯಲ್ಲಿ
ಕಾಳುಮೆಣಸಿನ ಚೀಲಕ್ಕೆ ತೇವಾಂಶ ಕಳೆದು ಬರೆಯುವವಳು.
ನಿಂತಲ್ಲೇ ಶುರುವಾಯಿತು:
ಅಂಗಡಿ ಬಾಡಿಗೆ, ಈ ಟ್ಯೂಬ್‌ಲೈಟು, ಲಾರಿ, ಡೀಸೆಲು,
ಗುಂಡಿ ಐದು, ನೂಲು, ಬಣ್ಣ, ಹತ್ತಿ,
ಹತ್ತಿ ಬಿಡಿಸಿದ ಬೆರಳು.
ಹೊಲಿದವಳ ಸಾಲಿಗೆ ಬರುವಷ್ಟರಲ್ಲಿ
ಲೆಕ್ಕ ಸೊನ್ನೆಯ ಕೆಳಗೆ ಇಳಿದಿತ್ತು.

ಪಕ್ಕದ ಮೆಟ್ಟಿಲಡಿಯ ಹಂಸಾಕ
ಬರೀ ತೋಳು ಬಿಗಿ ಮಾಡಲು ಎಂಬತ್ತು ಕೇಳುತ್ತಾರೆ.
ನಾನು ಅರವತ್ತಕ್ಕೆ ಚೌಕಾಸಿ ಮಾಡುತ್ತೇನೆ.

ಕುರ್ತಾ ಒಳಮಗ್ಗುಲು ಮಾಡಿ ನೋಡಿದೆ.
ಹೊಲಿಗೆ ನೇರ ಬಂದು, ಕಂಕುಳ ಹತ್ತಿರ
ಒಂದಂಗುಲ ಸೊಟ್ಟ, ಮತ್ತೆ ನೇರ.
ಯಾರೋ ಗದರಿರಬೇಕು. ಇಲ್ಲಾ ತೂಕಡಿಕೆ.
ಇಲ್ಲಾ ಮನೆಯಿಂದ ಫೋನು, ಮಗುವಿಗೆ ಜ್ವರ ಅಂತ.
ಫೋನು ಒಳಗೆ ಬಿಡುತ್ತಾರೋ ಇಲ್ಲವೋ.

'ತಗೊಳ್ಳಿ ಅಕ್ಕಾ, ನಿಮಗೆ ಒಪ್ಪುತ್ತೆ.'
ಎದೆಯ ಪಟ್ಟಿಯಲ್ಲಿ ಪ್ರಮೀಳ.
ಪ್ರಮೀಳಾ, ಕೂರಲು ಸ್ಟೂಲಿಲ್ಲವಾ?
'ನಾನು ಪ್ರಮೀಳ ಅಲ್ಲ. ಅವಳು ಬಿಟ್ಟುಹೋದಳು,
ಪಟ್ಟಿ ಚೆನ್ನಾಗಿದೆಯಲ್ಲ ಅಂತ ನನಗೇ ಹಾಕಿಸಿದರು.
ನಾನು ಜಾಜಿ, ತಿತಿಮತಿ ಕಡೆ.'
ಆ ಅಂಗಡಿಯಲ್ಲಿ ಮರುಬಳಕೆಯಾದದ್ದು ನಾನು ಕಂಡಂತೆ ಅದೊಂದೇ.

ಕ್ಯಾಶ್ ಕೌಂಟರಿನತ್ತ ಒಮ್ಮೆ ನೋಡಿ, ದನಿ ತಗ್ಗಿಸಿ
'ಇದು ಬೇಡ ಅಕ್ಕಾ, ಬಣ್ಣ ಬಿಡುತ್ತೆ.
ಮೊನ್ನೆ ಒಬ್ಬರು ವಾಪಸು ತಂದರು,
ಬಕೆಟ್ಟು ಪೂರ್ತಿ ಮದ್ದುಸೊಪ್ಪಿನ ನೀರಂತೆ.'
ಇಬ್ಬರೂ ನಕ್ಕೆವು. ಮಡಚಿಟ್ಟೆ.
ಏನೋ ಗೆದ್ದ ಹಾಗೆ ಬೆನ್ನು ನೆಟ್ಟಗಾಯಿತು.

'ದಿನಕ್ಕೆ ಹದಿನೆಂಟು ಪೀಸ್ ಆಗಬೇಕು. ಹನ್ನೊಂದಾಗಿದೆ.'
ದೂರಿನಂತಲ್ಲ, ನಿನ್ನೆ ಎಷ್ಟು ಇಂಚು ಮಳೆ
ಎಂದು ತೋಟದವರು ಹೇಳುತ್ತಾರಲ್ಲ, ಹಾಗೆ.
ಟವೆಲ್ ಲೆಕ್ಕಕ್ಕೆ ಬರುತ್ತಾ?
'ಟವೆಲ್ ಬೇರೆ ಸೆಕ್ಷನ್.'

ಟವೆಲ್ ಕೊಂಡೆ.
ಚೀಲದಲ್ಲಿದ್ದ ನನ್ನ ಹಳೇ ಕಂದು ಕುರ್ತಾ,
ಆರು ಮಳೆಗಾಲ ಕಂಡದ್ದು, ಹಂಸಾಕರ ಮುಂದಿಟ್ಟೆ.
ಎಂಬತ್ತು ಎಂದರು. ನೂರು ಕೊಟ್ಟೆ.
ಅಭ್ಯಾಸಬಲದಿಂದ ನಲವತ್ತು ಹಿಂದೆ ಕೊಟ್ಟರು.
ಇಪ್ಪತ್ತನ್ನು ಮತ್ತೆ ಮೆಷಿನ್ನಿನ ಮೇಲಿಟ್ಟಾಗ
ಕನ್ನಡಕ ತೆಗೆದು ನನ್ನನ್ನೇ ನೋಡಿದರು,
ಕಳ್ಳನೋಟು ನೋಡುವ ಹಾಗೆ.

ಇವತ್ತು ಕಕ್ಕಡ ಹದಿನೆಂಟು.
ಪಕ್ಕದ ಬೊಳ್ಳಮ್ಮ ಆಂಟಿ ಕಳಿಸಿದ ಮದ್ದುಸೊಪ್ಪು ಕುದಿಯುತ್ತಿದೆ,
ಎಲೆ ಹಸಿರು, ನೀರು ಮಾತ್ರ ಗಾಢ ನೇರಳೆ.
ಹದಿನೆಂಟು ಮದ್ದು ಇವತ್ತು ಇದರೊಳಗೆ ಸೇರುತ್ತವಂತೆ.
ತಿಂದವರ ಮೈಯೂ ನಾಳೆ ಬೆಳಿಗ್ಗೆ ಬಣ್ಣ ಬಿಡುತ್ತದೆ,
ಮಕ್ಕಳು ಬಚ್ಚಲಿನಿಂದ ಕೂಗಿ ಹೇಳುತ್ತಾರೆ.
ನಾಡಿದ್ದಿಗೆ ಎಲ್ಲ ತಿಳಿ.

ಆ ಕುರ್ತಾ ಯಾರದೋ ಬಕೆಟ್ಟಿನಿಂದ ಕೀರೆಹೊಳೆಗೆ ಇಳಿದರೆ
ನಾಡಿದ್ದು ಎಂಬುದು ಯಾವಾಗ, ಗೊತ್ತಿಲ್ಲ.

ಬೆಲ್ಲ ಕರಗಿತು. ತೆಂಗಿನಹಾಲು ಹಾಕಬೇಕು.
ಹೊರಗೆ ಮಳೆ ಜೋರಾಗಿದೆ, ಈ ಮಳೆಗೆ ಯಾರು ಪೇಟೆಗೆ ಇಳಿಯುತ್ತಾರೆ.
ಗಂಟೆ ಏಳೂಮುಕ್ಕಾಲು.
ಎಂಟೂವರೆಗೆ ಶಟರ್.
ಅವಳಿಗೆ ಇನ್ನೂ ಏಳು.