ಹನ್ನೊಂದು ಗಂಟೆಯ ಜ್ವರ

ಬ್ಯಾಡಗಿಯಲ್ಲಿ ಕೆಮ್ಮಿನಿಂದ ಏನೂ ತಿಳಿಯುವುದಿಲ್ಲ.
ಡಿಸೆಂಬರಿನಿಂದ ಮಾರ್ಚಿನವರೆಗೆ
ಮೆಣಸಿನಕಾಯಿ ಪೇಟೆಯ ಕಡೆಯಿಂದ ಗಾಳಿ ತಿರುಗಿತೆಂದರೆ
ಪ್ರಾರ್ಥನೆಯ ಎರಡನೇ ಸಾಲಿಗೆ ಇಡೀ ಶಾಲೆ ಕೆಮ್ಮುತ್ತದೆ,
ಹೆಡ್ ಮಾಸ್ತರರೂ, ಬಿಸಿಯೂಟದ ಶಾಂತವ್ವನೂ,
ಧ್ವಜದ ಕಟ್ಟೆಯ ಮೇಲೆ ಮಲಗಿದ ನಾಯಿಯೂ.

ಸುತ್ತೋಲೆ ಬಂದಿದೆ, ಆಫೀಸಿನ ಗೋಡೆಗೆ ಅಂಟಿಸಿದ್ದೇನೆ:
ಜ್ವರವಿದ್ದರೆ ಮಗುವನ್ನು ಮನೆಯಲ್ಲೇ ಇರಿಸಿಕೊಳ್ಳಿ,
ಗುಳಿಗೆಯಿಲ್ಲದೆ ಒಂದು ಹಗಲು ಒಂದು ರಾತ್ರಿ
ಮೈ ತಣ್ಣಗಿದ್ದರೆ ಮಾತ್ರ ಕಳಿಸಿ.
ವಾಂತಿ, ಭೇದಿ, ಕಣ್ಣು ಬಂದದ್ದು, ಮೈಮೇಲೆ ಗುಳ್ಳೆ,
ಒಂದೊಂದಕ್ಕೂ ಇಷ್ಟಿಷ್ಟು ದಿನ.
ಕೆಮ್ಮಿನ ಮುಂದೆ ಪೆನ್ಸಿಲಿನಲ್ಲಿ
ಪ್ರಶ್ನಾರ್ಥಕ ಹಾಕಿದವಳು ನಾನೇ.

ಗುಳ್ಳೆಗೆ ಯಾರೂ ಸುತ್ತೋಲೆ ಓದಬೇಕಿಲ್ಲ.
ಅವ್ವ ಬಂದಾಳ ಅಂದರೆ ಮುಗಿಯಿತು,
ಬಾಗಿಲಿಗೆ ಬೇವಿನ ತೊಪ್ಪಲು, ಒಗ್ಗರಣೆ ಬಂದ್,
ದಲಾಲಿ ಅಂಗಡಿಯವನೂ
ಹೊಸ್ತಿಲಾಚೆಯಿಂದಲೇ ಕೈಮುಗಿದು ಹೋಗುತ್ತಾನೆ.
ಬರೀ ಜ್ವರಕ್ಕೆ ದೇವತೆಯಿಲ್ಲ.
ಬರೀ ಜ್ವರಕ್ಕೆ ಯಾರೂ ರಜೆ ಕೊಡುವುದಿಲ್ಲ.

ಮೂರನೇ ಇಯತ್ತೆಯ ಮೈಲಾರಿ
ಬಂದಾಗ ಚೆನ್ನಾಗಿಯೇ ಇರುತ್ತಾನೆ,
ಏಳರ ಮಗ್ಗಿ ಹೇಳುತ್ತಾನೆ, ಪಕ್ಕದವನ ರಬ್ಬರು ಕದಿಯುತ್ತಾನೆ.
ಹನ್ನೊಂದು ದಾಟಿತೆಂದರೆ ಕಿವಿಯ ತುದಿ ಕೆಂಪಾಗುತ್ತದೆ.
ಆಮೇಲೆ ತಲೆ ಬೆಂಚಿನ ಮೇಲೆ.
ಕಳೆದ ವಾರ ಹೀಗೇ ಒಬ್ಬರ ಪಕ್ಕ ಒಬ್ಬರಾಗಿ
ಜ್ವರ ಕಿಟಕಿಯಿಂದ ಬಾಗಿಲಿನವರೆಗೆ ನಡೆದು ಬಂದಿತ್ತು.

ಬೆಳಿಗ್ಗೆ ಏಳಕ್ಕೆ ಅರ್ಧ ಗುಳಿಗೆ. ಲೆಕ್ಕ ನನಗೆ ಗೊತ್ತು.
ಹೇಗೆ ಗೊತ್ತೆಂದರೆ,
ಚುನಾವಣೆ ತರಬೇತಿಯ ದಿನ ನನ್ನ ಮಗಳಿಗೂ
ಸಕ್ಕರೆಯಲ್ಲಿ ಅರೆದು ಕೊಟ್ಟು, ರಿಬ್ಬನ್ ಕಟ್ಟಿ ಕಳಿಸಿ,
ಹಾವೇರಿಯ ಬಸ್ಸಿನಲ್ಲಿ ಕೂತು
ಗಡಿಯಾರ ನೋಡಿದ್ದೆ.

ಆದರೂ ಅವನನ್ನು ಅಕ್ಕಿ ಚೀಲಕ್ಕೆ ಒರಗಿಸಿ
ಫಕ್ಕೀರವ್ವನನ್ನು ಕರೆಸಿ ಜೋರು ಮಾಡಿದೆ:
‘ಕಳಸೂ ಮುಂದ ಹಣಿ ಮುಟ್ಟಿ ನೋಡಬಾರದೇನವಾ?’
ಅವಳು ಅಂಗೈ ಚಾಚಿದಳು.
ತೊಟ್ಟು ಬಿಡಿಸಿ ಬಿಡಿಸಿ ಉಗುರಿನ ಸಂದಿಯವರೆಗೂ ಕೆಂಪು.
‘ಈ ಕೈಗೆ ಎಲ್ಲಾರೂ ತಣ್ಣಗ ಹತ್ತತಾರ್ರೀ ಅಕ್ಕಾರ.
ರಾತ್ರಿ ಮಜ್ಜಿಗ್ಯಾಗ ಅದ್ದಿ ಇಟ್ಟರೂ ಉರಿ ಹೋಗಂಗಿಲ್ಲ.
ಮುಟ್ಟಿದ್ರ ಹುಡುಗ ಚೀರತೈತಿ.’
ಆಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು
ಬಗ್ಗಿ
ಅವನ ಹಣೆಗೆ ಕೆನ್ನೆ ಇಟ್ಟಳು,
ಬಹಳ ಹೊತ್ತು.
‘ಐತ್ರಿ’ ಅಂದಳು.

‘ನಾಳಿ ಕಳಸಬ್ಯಾಡ. ಮನ್ಯಾಗ ಇಟ್ಟಕೋ.’
‘ಹೂಂರಿ.’
ಕಿಲೋ ಲೆಕ್ಕದ ಕೂಲಿ, ನಾಳೆ ಪೇಟೆಯ ದಿನ.
ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.
ಬಿಸಿಯೂಟದ ಒಂದು ತತ್ತಿ ಕಾಗದದಲ್ಲಿ ಸುತ್ತಿ ಕೊಟ್ಟೆ.

ಮರುದಿನ ಹಾಜರಿಯಲ್ಲಿ ಅವನ ಹೆಸರಿನ ಮುಂದೆ
ಗೈರು ಎಂದು ಬರೆಯುವಾಗ ಹಿತವೆನಿಸಿತು.
ನಿಜ ಹೇಳಬೇಕೆಂದರೆ, ಸ್ವಲ್ಪ ಹೆಮ್ಮೆಯೂ.

ಸಂಜೆ ಬಸ್ ನಿಲ್ದಾಣಕ್ಕೆ ಹೋಗುವಾಗ
ದಾರಿ ಬದಿಯ ಶೆಡ್ಡಿನಲ್ಲಿ ಇಪ್ಪತ್ತು ಹೆಂಗಸರು,
ನಡುವೆ ಕೆಂಪು ಗುಡ್ಡ, ಮೂಗಿಗೆ ಸೆರಗು.
ಮೂಲೆಯಲ್ಲಿ ಖಾಲಿ ಚೀಲಗಳ ಮೇಲೆ ಮೈಲಾರಿ,
ನಿದ್ದೆಯಲ್ಲೇ ಸೀನುತ್ತ.
ಸುತ್ತೋಲೆ ಹೇಳುವ ಮನೆಗೆ ಆ ಹೊತ್ತು ಬೀಗ ಹಾಕಿತ್ತು,
ಕೀಲಿ ಅವಳ ಸೊಂಟದಲ್ಲಿತ್ತು.

ನನ್ನನ್ನು ಕಂಡೊಡನೆ ಫಕ್ಕೀರವ್ವ
ಕೈ ತಾಗದಂತೆ, ಎರಡೇ ಬೆರಳ ತುದಿಯಲ್ಲಿ
ಮಗನ ಮುಖದ ಮೇಲೆ ಟವೆಲ್ಲು ಎಳೆದಳು.
ದೂಳಿಗೋ, ನನಗೋ.
ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.
ಕೆಮ್ಮು ಬಂತು.