ಒಂಬತ್ತಡಿ ಆಳದಲ್ಲಿ ಸಭೆ

ಮೇಲಿನ ಹಾಲಿನ ಗಾಜು ಒಡೆದು ಕಡಲಗಾಳಿ ನುಗ್ಗುತ್ತಿತ್ತು,
ಹಾಗಾಗಿ ಸಭೆ ಸೇರಿದ್ದು ಕೊಳದೊಳಗೆ,
ಹನ್ನೊಂದು ವರ್ಷದಿಂದ ಹನಿ ನೀರು ಕಾಣದ
ಇನ್ವರ್‌ಕ್ರೇಗ್ ಪುರಸಭೆಯ ಈಜುಕೊಳದೊಳಗೆ.

ನೀರಿಗಿಳಿದವರಿಗೆ ಚಳಿಯೇನು ಮಳೆಯೇನು ಅನ್ನುತ್ತಾರೆ.
ನೀರಿಲ್ಲದೆ ಇಳಿದವರಿಗೆ ಚಳಿಯೋ ಚಳಿ.
ಕೋಟು ತೆಗೆಯದೆ ಕೂತೆವು ಹದಿನಾಲ್ಕು ಮಂದಿ,
ಮಡಿಚುವ ಕುರ್ಚಿಗಳೆಲ್ಲ
ಒಂದೇ ಕಡೆಗೆ ವಾಲಿ.

ನಾನು ಮರ್ಡೋ. ಬಾಯ್ಲರಿನವನು.
ಇಪ್ಪತ್ತಾರು ಚಳಿಗಾಲ ಈ ನೀರನ್ನು
ಕೂಸಿಗೆ ಎರೆಯುವ ಹದದಲ್ಲಿ ಇಟ್ಟವನು.
ಈಗ ಕರೆದದ್ದು ಬೀಗದ ಕೈಗಾಗಿ;
ಬಂದ ಮೇಲೆ ಹೋಗು ಎನ್ನಲು
ಯಾರಿಗೂ ನಾಲಿಗೆ ಏಳಲಿಲ್ಲ.

ಕ್ಯಾಟ್ರಿಯೊನಾ ನಕ್ಷೆ ಬಿಚ್ಚಿದಳು.
ಸುರುಳಿ ಸುತ್ತಿಕೊಳ್ಳದಂತೆ ಒಂದು ಮೂಲೆಗೆ ಚಹಾ ಮಗ್ಗು,
ಒಂದಕ್ಕೆ ನಿಸ್ರೀನಳ ಎಳ್ಳುಬಿಸ್ಕತ್ತಿನ ಡಬ್ಬಿ,
ಒಂದಕ್ಕೆ ನನ್ನ ಬೀಗದ ಗೊಂಚಲು.
ನಾಲ್ಕನೆಯ ಮೂಲೆ ಕೊನೆಯವರೆಗೂ ಮಾತು ಕೇಳಲಿಲ್ಲ.

ನಾವು ಕೂತ ಕೊಳ ಆ ಹಾಳೆಯಲ್ಲಿ ಒಂದು ಬಿಳಿ ಚೌಕ.
ಅದರ ನಡುವೆ ಒಂದೇ ಪದ: ಭರ್ತಿ.
ಆರುನೂರು ಟನ್ನು ಕಾಂಕ್ರೀಟು,
ಮೇಲೆ ಸಮತಟ್ಟು ನೆಲ, ಬ್ಯಾಡ್ಮಿಂಟನ್ನಿನ ಗೆರೆ.

ಖಾಲಿ ಕೊಳದಲ್ಲಿ ಪಿಸುಮಾತಿಗೆ ಜಾಗವಿಲ್ಲ.
ಮೂರಡಿಯ ಕಡೆ ಬೊಗ್ದಾನ್ ಗೊಣಗಿದ್ದು
ಒಂಬತ್ತಡಿಯ ಗೋಡೆಗೆ ಬಡಿದು ಬಂತು ಇಮ್ಮಡಿಯಾಗಿ:
"ಅಷ್ಟು ದುಡ್ಡಿಗೆ ಮಾಡು ಸರಿಮಾಡಬಹುದಲ್ಲ... ಹುದಲ್ಲ..."
ಅವನಿಗೆ ಬೇಕಾದದ್ದು ಒಂದು ಬೆಂಚು, ಒಂದು ಇಕ್ಕಳ,
ಮೀನು ಕಾರ್ಖಾನೆಯ ಪಾಳಿ ಮುಗಿಸಿ ಬಂದವರು
ಏನಾದರೂ ಬಿಚ್ಚಿ ಜೋಡಿಸಲು.
ನಿಸ್ರೀನಳಿಗೆ ಆರು ಒಲೆ.
"ನಾಲ್ಕಾದರೆ ನಾನಿಲ್ಲ," ಎಂದಳು, ಡಬ್ಬಿ ಮುಚ್ಚಿ.
ನಕ್ಷೆಯ ಮೂಲೆ ಎದ್ದಿತು.

ಆಗ ಬಂದಳು ಇಸೊಬೆಲ್ ಗೆಡ್ಡಿಸ್, ತಡವಾಗಿ,
ಎಂಬತ್ತಮೂರರ ಮುದುಕಿ,
ಅರ್ಧ ಊರಿಗೆ ಈಜು ಕಲಿಸಿದವಳು.
ನಾವು ಹಾಕಿದ್ದ ಹಲಗೆ ಮೆಟ್ಟಿಲು ಅವಳಿಗೆ ಕಾಣಲೇ ಇಲ್ಲ.
ಊರುಗೋಲನ್ನು ನನ್ನ ಕೈಗಿತ್ತು
ಹಳೆಯ ಉಕ್ಕಿನ ಏಣಿ ಹಿಡಿದು, ಬೆನ್ನು ನಮಗೆ ಮಾಡಿ,
ಒಂದೊಂದೇ ಕಾಲು ಇಳಿಸಿದಳು
ನೀರಿದ್ದಂತೆ.

ಒಂಬತ್ತು ಎಂದು ಬರೆದ ನೀಲಿ ಬಿಲ್ಲೆಯ ಕೆಳಗೆ ನಿಂತಾಗ
ಗದ್ದ ತಾನಾಗಿ ಮೇಲೆದ್ದಿತ್ತು.
ಅವಳಿಗೆ ಗೊತ್ತಾಗಲಿಲ್ಲ. ನಮಗೆ ಗೊತ್ತಾಯಿತು.

"ನನ್ನಪ್ಪನಿಗೆ ಈಜು ಬರುತ್ತಿರಲಿಲ್ಲ.
ಈ ಬಂದರಿನಲ್ಲಿ ಯಾವ ಅಪ್ಪನಿಗೂ.
ಈಜು ಬಂದರೆ ಸಾಯುವುದು ತಡವಾಗುತ್ತದೆ, ಅಷ್ಟೆ, ಅನ್ನುತ್ತಿದ್ದರು.
ಅವರ ಮಕ್ಕಳು ಆಳ ಕಲಿತದ್ದು ಈ ಇಳಿಜಾರಿನಲ್ಲಿ,
ಬೆರಳ ತುದಿಯಲ್ಲಿ, ನೆಲ ಜಾರುವವರೆಗೆ.
ಒಲೆ ಹಾಕಿ, ಬೆಂಚು ಹಾಕಿ. ಇದನ್ನು ತುಂಬಬೇಡಿ."

ಕೂಗಿರಲಿಲ್ಲ ಅವಳು. ಆದರೂ
ಮೂರಡಿಯಲ್ಲಿ ಕೂತವನಿಗೂ ಕೇಳಿತ್ತು,
ಹಿಂದಿನ ಕುರ್ಚಿಗೂ ಅವಳ ಮುಖ ಕಂಡಿತ್ತು.
ಅದನ್ನು ಮೊದಲು ಗಮನಿಸಿದ್ದು ಕ್ಯಾಟ್ರಿಯೊನಾ.
ಮೆಲ್ಲಗೆ ತಿರುಗಿ ನೋಡಿದಳು:
ಮೇಲಕ್ಕೇರುತ್ತ ಹೋದ ಹದಿಮೂರು ತಲೆಗಳು,
ಯಾರ ತಲೆಯೂ ಯಾರಿಗೂ ಅಡ್ಡವಿಲ್ಲ.
"ಇದು ಆಗಲೇ ರಂಗಮಂದಿರ," ಎಂದಳು, ತನಗೇ ಹೇಳಿಕೊಂಡಂತೆ.
ರಬ್ಬರು ಹುಡುಕಿದಳು. ಭರ್ತಿ ಹೋಯಿತು,
ಕೊಳೆ ಉಳಿಯಿತು.

"ಅಮ್ಮನ ಗಾಲಿಕುರ್ಚಿ ಇಲ್ಲಿಗೆ ಇಳಿಯುವುದು ಹೇಗೆ?"
ನಿಸ್ರೀನಳ ಪ್ರಶ್ನೆಗೆ ಯಾರಲ್ಲೂ ಉತ್ತರವಿರಲಿಲ್ಲ.
ಅದು ಮುಂದಿನ ಮಂಗಳವಾರಕ್ಕೆ.
ಮಾಡಿನ ಲೆಕ್ಕವೂ ಮುಂದಿನ ಮಂಗಳವಾರಕ್ಕೆ.

ಎಲ್ಲರೂ ಹೋದ ಮೇಲೆ ಕುರ್ಚಿ ಮಡಿಚಿ,
ದೀಪ ಆರಿಸುವ ಮುಂಚೆ ನಕ್ಷೆಯತ್ತ ಬಗ್ಗಿದೆ.
ಒಲೆಗಳಿದ್ದವು, ಶೌಚಾಲಯ, ಕೋಟು ನೇತುಹಾಕುವ ಗೂಟಗಳೂ ಇದ್ದವು.
ಬಾಯ್ಲರ್ ಕೋಣೆಯ ಹಿಂದಿನ ದೊಡ್ಡ ಕವಾಟ ಮಾತ್ರ
ಎಲ್ಲೂ ಇರಲಿಲ್ಲ.
ಪೆನ್ಸಿಲಿನಲ್ಲಿ ಅಲ್ಲೊಂದು ಸಣ್ಣ ಸೊನ್ನೆ ಬರೆದೆ.
ಹೆಸರು ಬರೆಯಲಿಲ್ಲ.
ಹನ್ನೊಂದು ವರ್ಷದಿಂದ ಶುಕ್ರವಾರ ತಪ್ಪದೆ
ಎಣ್ಣೆ ಬಿಟ್ಟಿದ್ದೇನೆ.
ಇನ್ನೂ ತಿರುಗುತ್ತದೆ.