ಷಷ್ಟ್ಯಬ್ಧಿ

ಆಹ್ವಾನ ಪತ್ರಿಕೆ ಬರೆದವನು ನನ್ನ ಗಂಡ, ಎರ್ರಿಸ್ವಾಮಿ.
ಬೆರಳು ದಪ್ಪ, ಫೋನು ಸಣ್ಣದು, ಕನ್ನಡಕ ಎಲ್ಲೋ.
'ಷಷ್ಟ್ಯಬ್ದ' ಎಂದಿರಬೇಕಾದಲ್ಲಿ
ದಕಾರದ ಹೊಟ್ಟೆ ಸೀಳಿ, ಮೇಲೊಂದು ಗುಡಿಸು ಕೊಟ್ಟು
'ಷಷ್ಟ್ಯಬ್ಧಿ' ಎಂದು ಬಳಗಕ್ಕೆಲ್ಲ ಕಳಿಸಿಬಿಟ್ಟ.

ಅಬ್ದ ಅಂದರೆ ವರ್ಷ.
ಅಬ್ಧಿ ಅಂದರೆ ಕಡಲು.
ತಿದ್ದಬೇಡ ಅಂದೆ. ಇರಲಿ.

ಹಾಗಾಗಿ ಈ ಸೆಪ್ಟೆಂಬರಿನ ಬೆಳಗ್ಗೆ
ಸಾಲ್ಟ್‌ಬರ್ನಿನ ಮರಳಲ್ಲಿ ಕೂತು
ಪಾದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ
ರಬ್ಬರಿನ ಸೂಟಿನೊಳಗೆ ಕಾಲು ತೂರಿಸುತ್ತಿದ್ದೇನೆ.
ಹಾವು ಪೊರೆ ಬಿಡುವುದನ್ನು ಕಂಡಿದ್ದೆ,
ತೊಡುವುದನ್ನು ಇದೇ ಮೊದಲು.
ಸೊಂಟದ ಹತ್ತಿರ ಬಂದು ನಿಂತಿತು.
ಎರ್ರಿಸ್ವಾಮಿ ಹಿಂದಿನಿಂದ ಎತ್ತೆತ್ತಿ ಕುಲುಕಿದ,
ಜೋಳದ ಚೀಲ ತುಂಬುವಾಗ ಕುಲುಕುತ್ತಾರಲ್ಲ, ಹಾಗೆ.
ಜಿಪ್ ಏರಿತು. ಉಸಿರು ಒಳಗೇ ಉಳಿಯಿತು.

ಕಲಿಸುವವನು ಕ್ಯಾಲಮ್, ಇಪ್ಪತ್ತೆರಡು ವರ್ಷ,
ಪಂಪಾವತಿ ಅವನ ಬಾಯಿಗೆ ದೊಡ್ಡದಾಗಿ
ಪ್ಯಾಮ್ ಆದೆ.
"ಪ್ಯಾಮ್, ಮಂಡಿ ಬಗ್ಗಿಸಿ," ಅನ್ನುತ್ತಾನೆ.

ಮೂವತ್ತೊಂದು ವರ್ಷ
ಮಿಡಲ್ಸ್‌ಬರೋ ಆಸ್ಪತ್ರೆಯ ನೆಲಮಹಡಿಯಲ್ಲಿ
ಉಕ್ಕಿನ ಕಾರ್ಖಾನೆಯ ಮುದುಕರಿಗೆ
ನಾನು ಹೇಳಿದ್ದು ಇದೊಂದೇ ಮಾತು:
ಮಂಡಿ ಬಗ್ಗಿಸಿ. ಇನ್ನೊಂಚೂರು. ನೋವಾದರೆ ಹೇಳಿ.
ಅವರು ಹೇಳುತ್ತಿರಲಿಲ್ಲ.
ಹಲ್ಲು ಕಚ್ಚಿಕೊಂಡು ಹವಾಮಾನದ ಮಾತಾಡುತ್ತಿದ್ದರು.
ಈಗ ನನ್ನ ಸರದಿ.
"ಇವತ್ತು ಪರವಾಗಿಲ್ಲ, ಬಿಸಿಲಿದೆ," ಅಂದೆ ಕ್ಯಾಲಮ್‌ಗೆ.

ತಣ್ಣನೆ ನೀರು ಬೆನ್ನ ಗುಂಟ ಇಳಿದಾಗ ನೆನಪಾಗಿದ್ದು
ಗಂಗೆಯಲ್ಲ, ತುಂಗೆಯಲ್ಲ,
ಸಿರುಗುಪ್ಪದ ಹತ್ತಿರ ಸೋದರಮಾವನ ಹೊಲದ ಬಾವಿ.
ಅಣ್ಣನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ
ನೂಕುತ್ತಿದ್ದರು. ಮುಳುಗಿದ, ಎದ್ದ, ಬೈದ, ಈಜು ಕಲಿತ.
ನನ್ನ ಕೆಲಸ ಮೇಲಿನ ಮೆಟ್ಟಿಲಲ್ಲಿ ಕೂತು
ಹುಡುಗರ ಬಟ್ಟೆ ಕಾಯುವುದು.
ಐದು ಅಂಗಿ, ಮೂರು ಚಡ್ಡಿ, ಒಂದು ಕೈಗಡಿಯಾರ.
ಒಂದೂ ಕಳೆದಿರಲಿಲ್ಲ.

ಮೊದಲ ಅಲೆ ನಾನು ಏಳುವ ಮೊದಲೇ ಹೋಯಿತು.
ಎರಡನೆಯದು ಹಲಗೆಯನ್ನೊಂದು ಕಡೆ, ನನ್ನನ್ನೊಂದು ಕಡೆ
ಆಸ್ತಿಯಂತೆ ಪಾಲು ಮಾಡಿತು.
ಮೂರನೆಯದು ಮೂಗಿಗೆ ಉಪ್ಪು ತುಂಬಿತು,
ಮಾವಿನಮಿಡಿಗೆ ಅವ್ವ ಸುರಿಯುತ್ತಿದ್ದ ಧಾರಾಳದಲ್ಲಿ.
ಆಮೇಲೆ ಎಣಿಸಲಿಲ್ಲ.

ಅವನ ಅರವತ್ತಕ್ಕೆ ನ್ಯೂಕಾಸಲ್‌ನಿಂದ ಪುರೋಹಿತರು ಬಂದಿದ್ದರು.
ಗ್ಯಾರೇಜಿನಲ್ಲಿ ಕೂರಿಸಿ, ತಲೆಯ ಮೇಲೆ ಜರಡಿ ಹಿಡಿದು
ಕಲಶದ ಮೇಲೆ ಕಲಶ ಸುರಿದೆವು.
ಹಲ್ಲು ಕಟಕಟ ಅಂದರೂ ಗಂಭೀರವಾಗಿದ್ದ, ಪಾಪ.
"ನಿನಗೂ ಹೀಗೇ ಆಗಬೇಕು," ಅಂದಿದ್ದ.
ಆಗುತ್ತಿದೆ ನೋಡು. ಜರಡಿ ಇಲ್ಲ, ಅಷ್ಟೆ.
ಕಲಶ ಮುಗಿಯುತ್ತಲೂ ಇಲ್ಲ.

ಪಿಯರ್‌ನ ಕಬ್ಬಿಣದ ಕಾಲುಗಳ ಆಚೆ
ನೀರು ಹುಬ್ಬಿತು. ಕ್ಯಾಲಮ್ ಹಲಗೆಯ ಬಾಲ ನೂಕಿದ.
ಎದೆ ಎತ್ತಿದೆ. ಎಡಗಾಲು. ಬಲಗಾಲು.
ಬಲ ಮಂಡಿ ಹಳೇ ಬಾಗಿಲಿನ ಹಾಗೆ ಕಿರ್ ಅಂದಿತು,
ತೆರೆಯಿತು.

ನಿಂತೆ.

ಎಷ್ಟು ಹೊತ್ತು?
ಹಾಲು ಉಕ್ಕುವುದನ್ನು ಕಂಡು
ಒಲೆಯ ಹತ್ತಿರ ಓಡುವಷ್ಟು.
ಅಷ್ಟರಲ್ಲೇ ಗುಡ್ಡ ಹತ್ತುವ ಲಿಫ್ಟು, ಸಾಲುಮನೆಗಳು,
ಯಾರದೋ ಚಿಪ್ಸ್ ಕದ್ದ ಕಡಲಕಾಗೆ
ತಾವಾಗಿ ನನ್ನ ಕಡೆ ನಡೆದು ಬಂದವು.
ನಾನು ಏನನ್ನೂ ಕಾಯುತ್ತಿರಲಿಲ್ಲ.

ಆಮೇಲೆ ಬಿದ್ದೆ. ಬಾಯ್ತುಂಬ ನಗುತ್ತಾ ಬಿದ್ದೆ,
ಉತ್ತರ ಸಮುದ್ರದ ಒಂದು ಗುಟುಕು
ಹೊಟ್ಟೆಗೇ ಹೋಯಿತು.

ದಡದಲ್ಲಿ ಎರ್ರಿಸ್ವಾಮಿ. ಮಂಕಿ ಟೋಪಿ, ಫ್ಲಾಸ್ಕು,
ಮಡಿಲಲ್ಲಿ ಭದ್ರವಾಗಿ ನನ್ನ ಬಟ್ಟೆಯ ಗಂಟು.
"ಹದಿನೇಳು ಸಲ ಬಿದ್ದೆ," ಅಂದ, ಲೆಕ್ಕದ ಮನುಷ್ಯ.
"ಇನ್ನು ನಲವತ್ತಮೂರು ಬಾಕಿ," ಅಂದೆ.
ಚಹಾ ಬಗ್ಗಿಸುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿ
ಮುಚ್ಚಳ ತಿರುಗಿಸಿ ಹಾಕಿದ.